ಆಟ ಆಡುವ ಮಕ್ಕಳು, ಆಟ ಕಟ್ಟುವ ಮಕ್ಕಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ರಾಮನಗರ ದಾಟಿದರೆ ಸಿಗುವ ಊರು ಚನ್ನಪಟ್ಟಣ. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿದ ಇಲ್ಲಿನ ಗೊಂಬೆಗಳು ನಮ್ಮ ಕರಾವಳಿಯ ಮನೆಗಳಿಗೂ ಪರಿಚಿತ. 2020ರ ಆಗಸ್ಟ್ 30ರ 'ಮನ್ ಕೀ ಬಾತ್' ಬಾನುಲಿ ಭಾಷಣದಲ್ಲಿ ಪ್ರಧಾನಿಯವರು ಈ ಊರನ್ನು ಹೆಸರಿಸಿ, ಕಂಪ್ಯೂಟರ್ ಆಟಗಳನ್ನೂ ನಮ್ಮ ದೇಶದಲ್ಲೇ ತಯಾರಿಸುವಂತೆ ಕರೆ ನೀಡಿದ್ದರು.

ಅದರ ಬೆನ್ನಿಗೆ 2021ರ ಜನವರಿ 5ರಂದು ಕೇಂದ್ರ ಸರ್ಕಾರ 'ಟಾಯ್‌ಕಥಾನ್' ಸ್ಪರ್ಧೆ ಆರಂಭಿಸಿತು. ವಿದ್ಯಾರ್ಥಿಗಳ ಜೊತೆ ಶಿಕ್ಷಕರಿಗೂ ಅವಕಾಶವಿತ್ತು; ಒಟ್ಟು ಬಹುಮಾನ 50 ಲಕ್ಷ ರೂಪಾಯಿವರೆಗೆ. ಸುಮಾರು 1.2 ಲಕ್ಷ ಮಂದಿ ನೋಂದಾಯಿಸಿಕೊಂಡು, 17,000ಕ್ಕೂ ಹೆಚ್ಚು ಕಲ್ಪನೆಗಳನ್ನು ಸಲ್ಲಿಸಿದರು. ಅವುಗಳಲ್ಲಿ 1,567 ಅಂತಿಮ ಸುತ್ತಿಗೆ ಆಯ್ಕೆಯಾದವು. ಕೋವಿಡ್ ನಿರ್ಬಂಧದಿಂದಾಗಿ ಜೂನ್ 22ರಿಂದ 24ರವರೆಗೆ ಅಂತರ್ಜಾಲದಲ್ಲಿ ನಡೆದ ಆ ಸುತ್ತು ಡಿಜಿಟಲ್ ಆಟಗಳಿಗೇ ಮೀಸಲಾಗಿತ್ತು. ಕಲಿಕೆ, ಪರಿಸರ, ಮಾನವೀಯ ಮೌಲ್ಯಗಳು ಸ್ಪರ್ಧೆಯ ವಿಷಯಗಳಲ್ಲಿ ಸೇರಿದ್ದವು.

ಇದನ್ನು ಏಕೆ ಬರೆಯುತ್ತಿದ್ದೇವೆ? "ಮಗ ಮೊಬೈಲ್ ಬಿಡುವುದಿಲ್ಲ, ಫಾದರ್" ಎಂಬುದು ಮನೆ ಭೇಟಿಯಲ್ಲಿ ನಾವು ಪದೇ ಪದೇ ಕೇಳುವ ದೂರು. ಹಿಂಸೆಯನ್ನು ವೈಭವೀಕರಿಸುವ ವಿಡಿಯೋ ಗೇಮ್‌ಗಳನ್ನು ಪೋಪ್ 16ನೇ ಬೆನೆಡಿಕ್ಟರು 2007ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಕಟುವಾಗಿ ಖಂಡಿಸಿದ್ದರು. ಒಳ್ಳೆಯದನ್ನು ಆರಿಸಿಕೊಳ್ಳಲು ಮಕ್ಕಳಿಗೆ ಕಲಿಸಬೇಕೆಂದೂ ಅದೇ ಸಂದೇಶ ಹೇಳುತ್ತದೆ. ಆಟವನ್ನು ತಾನೇ ಕಟ್ಟುವ ಮಗು ಅಂಕ ಯಾವುದಕ್ಕೆ ಕೊಡಬೇಕು, ಕೊಲ್ಲುವುದಕ್ಕೋ ಕಾಪಾಡುವುದಕ್ಕೋ ಎಂದು ಯೋಚಿಸಲೇಬೇಕಾಗುತ್ತದೆ.

ಚರ್ಚಿನ ವಾರ್ಷಿಕೋತ್ಸವದಲ್ಲಿ ಓಟಕ್ಕೆ, ಹಾಡಿಗೆ ಬಹುಮಾನ ಕೊಡುತ್ತೇವೆ. ಒಳ್ಳೆಯ ಆಟ ಕಟ್ಟಿದ ಮಗುವಿಗೂ, ಜೊತೆಗೆ ಕುಳಿತು ಕಲಿಸಿದ ಕ್ರೈಸ್ತ ಶಿಕ್ಷಣದ ಟೀಚರಿಗೂ ಒಂದು ಬಹುಮಾನ ಇರಲಿ.