ಮಲಗಿದ ದೈತ್ಯನ ತಲೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ನ್ಯೂಹೇವನ್ ನಗರದಿಂದ ಉತ್ತರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ದೈತ್ಯನೊಬ್ಬನು ಅಂಗಾತ ಮಲಗಿದ್ದಾನೆ. ತಲೆ, ಗದ್ದ, ಎದೆ, ಮೊಣಕಾಲು ಎಲ್ಲವೂ ದೂರದಿಂದಲೇ ಗುರುತು ಸಿಗುತ್ತವೆ. ಮೈಯ ಉದ್ದ ಸುಮಾರು ಎರಡು ಮೈಲಿ. ನಮ್ಮ ಕಡೆಯ ಗುಡ್ಡವಾಗಿದ್ದರೆ ಕುಂಭಕರ್ಣನೆಂಬ ಹೆಸರು ತಪ್ಪುತ್ತಿರಲಿಲ್ಲ. ಅಲ್ಲಿಯ ಮೂಲನಿವಾಸಿಗಳ ಐತಿಹ್ಯದಲ್ಲಿ ಇವನು ಹೊಬೊಮಾಕ್. ಕೋಪದಿಂದ ಕಾಲನ್ನಪ್ಪಳಿಸಿ ಕನೆಕ್ಟಿಕಟ್ ನದಿಯ ಹರಿವನ್ನೇ ತಿರುಗಿಸಿದ್ದಕ್ಕಾಗಿ ಚಿರನಿದ್ರೆಯ ಶಿಕ್ಷೆ ಪಡೆದವನು.

ಭೂವಿಜ್ಞಾನಿಗಳು ಹೇಳುವ ಕಥೆಯೂ ಇದಕ್ಕಿಂತ ಕಡಿಮೆ ಅದ್ಭುತವಲ್ಲ. ಸುಮಾರು 20 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕವೂ ಆಫ್ರಿಕವೂ ಅಗಲತೊಡಗಿದಾಗ ನೆಲ ಬಿರಿದು ಶಿಲಾರಸ ಮೇಲೇರಿತು. ಹಲವೆಡೆ ಅದು ಲಾವಾ ಆಗಿ ಹರಡಿತು. ಇಲ್ಲಿ ಮಾತ್ರ ಹೊರಕ್ಕೆ ಬಾರದೆ, ಮರಳುಗಲ್ಲಿನ ಪದರಗಳ ನಡುವೆ ಸಿಕ್ಕಿಕೊಂಡು ತಣಿಯಿತು. ಮೆತ್ತನೆಯ ಮರಳುಗಲ್ಲು ಕಾಲಾಂತರದಲ್ಲಿ ಸವೆದುಹೋಗಲು, ಒಳಗಿದ್ದ ಕರಿಗಲ್ಲು ಬೆಟ್ಟವಾಗಿ ನಿಂತಿತು. ಇಂಥ ಬೆಟ್ಟಗಳ ಸಾಲು ಉತ್ತರದ ಮ್ಯಾಸಚೂಸೆಟ್ಸ್‌ವರೆಗೆ ನೂರು ಮೈಲಿಯಷ್ಟು ಹಬ್ಬಿದೆ. ಈ ಕಲ್ಲಿಗೆ 'ಟ್ರ್ಯಾಪ್' ಎಂದು ಹೆಸರು. ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಶಬ್ದದಿಂದ ಬಂದದ್ದು. ವಿಜಯಪುರದ ಗೋಳಗುಮ್ಮಟದ ಕರಿಗಲ್ಲು ಇದರ ದಾಯಾದಿಯೇ, ಆದರೆ ವಯಸ್ಸಿನಲ್ಲಿ ಬಹಳ ಕಿರಿಯದು: ಅದಕ್ಕೆ ಸುಮಾರು ಆರೂವರೆ ಕೋಟಿ ವರ್ಷ.

ಕಲ್ಲಿನ ಗಟ್ಟಿತನವೇ ದೈತ್ಯನಿಗೆ ಮುಳುವಾಯಿತು. ರಸ್ತೆಯ ಜಲ್ಲಿಗೆ ಇದಕ್ಕಿಂತ ಒಳ್ಳೆಯ ಕಲ್ಲು ಅಪರೂಪ. 1912ರಲ್ಲಿ ಅವನ ತಲೆಯ ಭಾಗವನ್ನೇ ಗುತ್ತಿಗೆಗೆ ಕೊಡಲಾಯಿತು. ಸಿಡಿಮದ್ದಿನ ಸದ್ದು ಮೊಳಗತೊಡಗಿತು. ಬೆಟ್ಟ ಕರಗುವುದನ್ನು ಕಂಡು ಕಂಗೆಟ್ಟ ನಾಗರಿಕರು 1924ರಲ್ಲಿ ಸಂಘ ಕಟ್ಟಿದರು. ಯೇಲ್ ವಿಶ್ವವಿದ್ಯಾಲಯದ ಅರಣ್ಯಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಟೂಮಿಯವರು ಮುಂದಾಳಾದರು. ತುಂಡುತುಂಡಾಗಿ ನೆಲ ಕೊಂಡು, ದಾನ ಪಡೆದು, ಉದ್ಯಾನ ಬೆಳೆಯಿತು. ತಲೆ ಮಾತ್ರ ಕೈಗೆಟುಕಲಿಲ್ಲ. ದೇಶವೇ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ 1933ರಲ್ಲಿ, ಎಲ್ಲಿಂದಲೋ ಹಣ ಕೂಡಿಸಿ, ಸಂಘವು ಗುತ್ತಿಗೆಯ ಹಕ್ಕನ್ನೇ ಕೊಂಡುಬಿಟ್ಟಿತು!

ಇಂದು ಅದು ಸಂಸಾರವಂದಿಗರ ವಿಹಾರಸ್ಥಳ. ಅಲ್ಲಿ ಕುಳಿತು ಬುತ್ತಿ ಬಿಚ್ಚಬಹುದು. ಒಂದೂವರೆ ಮೈಲಿಗೆ ತುಸು ಹೆಚ್ಚಾದ ಇಳಿಜಾರಿನ ದಾರಿಯಲ್ಲಿ ಮಕ್ಕಳೂ ಮುದುಕರೂ ಏರಿ, 1930ರ ದಶಕದಲ್ಲಿ ಕಟ್ಟಿದ ಕಲ್ಲಿನ ಗೋಪುರವನ್ನು ತಲುಪುತ್ತಾರೆ. ಅಲ್ಲಿಂದ ಸಮುದ್ರದವರೆಗೂ ನೋಟ ಹರಿಯುತ್ತದೆ. 2018ರ ಮೇ ತಿಂಗಳ ಸುಂಟರಗಾಳಿಗೆ ಮರಗಳು ರಾಶಿರಾಶಿಯಾಗಿ ಉರುಳಿ, ಉದ್ಯಾನವನ್ನು ಒಂದು ವರ್ಷ ಮುಚ್ಚಬೇಕಾಯಿತು. 2019ರ ಜೂನಿನಲ್ಲಿ ಬಾಗಿಲು ಮತ್ತೆ ತೆರೆಯಿತು.

ಗಟ್ಟಿ ಕಾಲಿನವರಿಗೆ ತಲೆಯನ್ನೇ ಹಾದುಹೋಗುವ ಕಡಿದಾದ ಕಾಲುದಾರಿಯೊಂದಿದೆ. ಅದರ ಅಂಚಿನಲ್ಲಿ ಬಗ್ಗಿ ನೋಡಿದರೆ, ಕಲ್ಲುಗಣಿಯ ಹಳೆಯ ಗಾಯ ಇಂದಿಗೂ ಕಾಣುತ್ತದೆ.