ಹೊಂಚು ಕೂತ ರಾತ್ರಿಗಳು

ರಾತ್ರಿ 10.20. ಬೆಂಗಳೂರಿನ ಶ್ರೀನಗರ, ಎರಡನೇ ಮಹಡಿ. ಗಾಳಿ ಇಲ್ಲ, ಎದುರುಮನೆಯ ತೆಂಗಿನ ಗರಿ ಮಿಸುಕುತ್ತಿಲ್ಲ. ಜನವರಿಯ ಚಳಿ ಕಿಟಕಿಯ ಸಂದಿಯಿಂದ ಒಳಗೆ ನುಸುಳುತ್ತಿದೆ. ದೀಪ ಆರಿಸಿದ ಕೋಣೆಯಲ್ಲಿ ತಂಗಿಯ ಮಗ ಚಕ್ಕಂಬಕ್ಕಲ ಹಾಕಿಕೊಂಡು ಟಿ.ವಿ. ಮುಂದೆ ಕೂತು ಎಂಟು ನಿಮಿಷವಾಯಿತು. ಈ ಎಂಟು ನಿಮಿಷದಲ್ಲಿ ಅವನ ಎಡಗೈ ಹೆಬ್ಬೆರಳು ಎರಡು ಸಲ ಅಲುಗಿದೆ. ಮೈಯ ಬೇರೆ ಯಾವ ಭಾಗವೂ ಅಲುಗಿಲ್ಲ.

ಹಕ್ಕಿ ನೋಡಲು ಹೋಗುವಾಗ ಜೇಬಿನಲ್ಲಿಟ್ಟುಕೊಳ್ಳುವ ಪುಸ್ತಕದಲ್ಲಿ ಇಂಥ ದಾಖಲೆ ಬರೆದದ್ದು ಅದೇ ಮೊದಲು. ಹಿಂದಿನ ಭಾನುವಾರ ಇದೇ ಹುಡುಗನನ್ನು ತುರಹಳ್ಳಿ ಕಾಡಿಗೆ ಕರೆದೊಯ್ದಿದ್ದೆ. ಬಂಡೆಯ ಪಕ್ಕ ಸುಮ್ಮನೆ ಕೂರು ಎಂದರೆ ನಾಲ್ಕು ನಿಮಿಷಕ್ಕೆ ಎದ್ದು ನಿಂತಿದ್ದ. ಹದಿನಾಲ್ಕರ ಹುಡುಗನಲ್ಲಿ ತಾಳ್ಮೆ ಎಲ್ಲಿಂದ ಬರಬೇಕು ಎಂದುಕೊಂಡು ಮನೆಗೆ ಬಂದೆ. ನಾಲ್ಕೇ ದಿನಕ್ಕೆ ಆ ತೀರ್ಮಾನ ತಪ್ಪೆಂದು ಗೊತ್ತಾಯಿತು. ತಾಳ್ಮೆ ಅವನಲ್ಲಿತ್ತು. ಅದು ಬೇರೊಂದು ಕಾಡಿನಲ್ಲಿ ಬೆಳೆದಿತ್ತು.

ಆ ಕಾಡಿನ ಹೆಸರು ‘ಮೆಟಲ್ ಗೇರ್ ಸಾಲಿಡ್ 3: ಸ್ನೇಕ್ ಈಟರ್’. ಜಪಾನಿನ ಕೊನಾಮಿ ಕಂಪನಿಗಾಗಿ ಹಿಡಿಯೊ ಕೊಜಿಮಾ ರೂಪಿಸಿದ ಆಟ, 2004ರಲ್ಲಿ ಬಂದದ್ದು. ಅದನ್ನೇ ಹೊಸದಾಗಿ ಕಟ್ಟಿ 2025ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ್ದಾರೆ. ನಮ್ಮ ಮನೆಯಲ್ಲಿರುವುದು ಹಳೆಯದೇ. ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಪ್ಲೇಸ್ಟೇಷನ್ 2ರಲ್ಲಿ ಒಂದು, ಮೆಜೆಸ್ಟಿಕ್ ಹತ್ತಿರದ ಅಂಗಡಿಯಿಂದ ಸೆಕೆಂಡ್‌ಹ್ಯಾಂಡ್ ತಂದದ್ದು. ಕಥೆ ನಡೆಯುವುದು 1964ರಲ್ಲಿ, ಸೋವಿಯತ್ ನೆಲದ ಒಂದು ದಟ್ಟ ಕಾಡಿನೊಳಗೆ. ಒಬ್ಬನೇ ಮನುಷ್ಯ, ಸುತ್ತ ಕಾವಲುಗಾರರು. ಯಾರ ಕಣ್ಣಿಗೂ ಬೀಳದೆ ಆಚೆ ದಾಟಬೇಕು. ಗುಂಡು ಹಾರಿಸಬಹುದು. ಆದರೆ ಹಾರಿಸಿದವನಿಗೆ ಆಟ ಕಷ್ಟವಾಗುತ್ತದೆ, ಅಡಗಿದವನಿಗೆ ದಾರಿ ಬಿಡುತ್ತದೆ.

ಇಂಥ ಆಟಗಳಿಗೆ ಇಂಗ್ಲಿಷಿನಲ್ಲಿ ‘ಸ್ಟೆಲ್ತ್’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕಿಂತ ಮೈತುಂಬಿದ ಮಾತಿದೆ: ಹೊಂಚು. ಅಡಗುವುದು, ಕಾಯುವುದು, ನೋಡುವುದು ಮೂರೂ ಆ ಒಂದು ಮಾತಿನಲ್ಲಿ ಇವೆ.

ಈ ಸರಣಿಯ ಮೊದಲ ಆಟ ಹುಟ್ಟಿದ ಕಾರಣ ಕೇಳಿದಾಗ ಖುಷಿಯಾಯಿತು. 1987ರಲ್ಲಿ ಅದನ್ನು ಮಾಡಿದ ಎಂಎಸ್‌ಎಕ್ಸ್2 ಯಂತ್ರಕ್ಕೆ ತೆರೆಯ ಮೇಲೆ ಒಟ್ಟಿಗೆ ಹೆಚ್ಚು ಶತ್ರುಗಳನ್ನು, ಹೆಚ್ಚು ಗುಂಡುಗಳನ್ನು ತೋರಿಸುವ ಶಕ್ತಿ ಇರಲಿಲ್ಲ. ಹಾಗಾದರೆ ಕಾದಾಡುವ ಬದಲು ತಪ್ಪಿಸಿಕೊಳ್ಳುವ ಆಟ ಮಾಡೋಣ ಎಂದು ಕೊಜಿಮಾ ದಾರಿ ಬದಲಿಸಿದರು. ಜೀವಲೋಕದಲ್ಲೂ ಹೊಂಚು ಹುಟ್ಟಿದ್ದು ಹೀಗೇ. ಮೈಯಲ್ಲಿ ಬಲ ಸಾಲದ ನತ್ತಿಂಗ ಹಕ್ಕಿ ತರಗೆಲೆಯ ಬಣ್ಣ ತಾಳಿ ನೆಲಕ್ಕಂಟಿ ಕೂರುತ್ತದೆ. ಕಾಲಿಡುವ ತನಕ ಏಳುವುದಿಲ್ಲ.

ರಾತ್ರಿ 10.45. ತೂಗುಸೇತುವೆಯ ಈಚೆ ದಡ. ಹುಡುಗನ ಮನುಷ್ಯ ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಮಲಗಿದ್ದಾನೆ. ತೆರೆಯ ಬಲ ಮೂಲೆಯಲ್ಲಿ ಒಂದು ಅಂಕಿ: ಶೇಕಡ ಇಷ್ಟು. ಉಟ್ಟ ಬಟ್ಟೆ, ಮುಖಕ್ಕೆ ಬಳಿದ ಬಣ್ಣ ಹಿನ್ನೆಲೆಗೆ ಎಷ್ಟು ಹೊಂದಿವೆ ಎಂಬುದರ ಲೆಕ್ಕ ಅದು. ಹುಲ್ಲಿಗೆ ಹುಲ್ಲಿನ ಬಟ್ಟೆ, ಮರದ ತೊಗಟೆಗೆ ತೊಗಟೆಯ ಬಟ್ಟೆ. ಮಲಗಿ ಅಲುಗದಿದ್ದರೆ ಅಂಕಿ ಏರುತ್ತದೆ, ಎದ್ದರೆ ಇಳಿಯುತ್ತದೆ, ಓಡಿದರೆ ಕುಸಿಯುತ್ತದೆ. ಮೂವತ್ತು ವರ್ಷ ಹಕ್ಕಿಗಳ ಹಿಂದೆ ತಿರುಗಿ ನಾನು ಕಲಿತದ್ದರಲ್ಲಿ ಅರ್ಧ ಆ ಮೂಲೆಯಲ್ಲಿ ಅಂಕಿಯಾಗಿ ಕೂತಿದೆ. ಬಣ್ಣಕ್ಕಿಂತ ಚಲನೆ ಹೆಚ್ಚು ಹಿಡಿದುಕೊಡುತ್ತದೆ ಎಂದು ಎಷ್ಟು ಜನಕ್ಕೆ ಹೇಳಿದ್ದೇನೆ! ಹಸಿರು ಅಂಗಿ ತೊಟ್ಟು ಕೈ ಬೀಸುವವನಿಗಿಂತ ಬಿಳಿ ಅಂಗಿ ತೊಟ್ಟು ಸುಮ್ಮನೆ ಕೂತವನ ಹತ್ತಿರಕ್ಕೆ ಹಕ್ಕಿ ಬೇಗ ಬರುತ್ತದೆ.

ಆಟದ ಮನುಷ್ಯನ ಬಳಿ ಹುಲಿಪಟ್ಟೆಯ ಬಟ್ಟೆಯೂ ಇದೆ. ಹುಲಿಯಂಥ ಕೇಸರಿ ಪ್ರಾಣಿ ಹಸಿರು ಕಾಡಿನಲ್ಲಿ ಹೇಗೆ ಮರೆಯಾಗುತ್ತದೆ ಎಂದು ಹುಡುಗ ಕೇಳಿದ. ಜಿಂಕೆಯ ಕಣ್ಣಿಗೆ ನಮ್ಮ ಹಾಗೆ ಮೂರು ಬಗೆಯ ಬಣ್ಣದ ಗ್ರಾಹಕಗಳಿಲ್ಲ, ಎರಡೇ. ಕೇಸರಿಗೂ ಹಸಿರಿಗೂ ಅದಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಹುಲಿ ಹೊಂಚುವುದು ಜಿಂಕೆಗೆ, ನಮಗಲ್ಲ. ಇದನ್ನು ಹೇಳಿದಾಗ ಹುಡುಗ ಆಟ ನಿಲ್ಲಿಸಿ ನನ್ನ ಕಡೆ ತಿರುಗಿದ. ಅಷ್ಟು ದಿನದಲ್ಲಿ ಅವನೇ ಆಟ ನಿಲ್ಲಿಸಿದ್ದು ಅದೊಂದೇ ಸಲ.

ಕಾವಲುಗಾರನನ್ನು ಹುಡುಗ ನೋಡುವ ಬಗೆ ಹೀಗೆ. ಮರದ ಬುಡದಿಂದ ಸೇತುವೆಯ ತನಕ ಕಾವಲುಗಾರ ನಡೆಯುತ್ತಾನೆ, ನಿಲ್ಲುತ್ತಾನೆ, ಎಡಕ್ಕೆ ನೋಡುತ್ತಾನೆ, ತಿರುಗುತ್ತಾನೆ. ಮೊದಲ ಸುತ್ತು ಬರೀ ನೋಡುವುದು. ಎರಡನೆಯದು ಎಣಿಸುವುದು. ಮೂರನೆಯದು ಖಚಿತ ಮಾಡಿಕೊಳ್ಳುವುದು. ನಾಲ್ಕನೆಯ ಸುತ್ತಿನಲ್ಲಿ ಮಾತ್ರ ಹೊರಡುವುದು. “ಅವ್ನು ಎಡಕ್ಕೆ ನೋಡೋ ತನಕ ಕಾಯ್ಬೇಕು ಮಾಮ. ಆಮೇಲೆ ಐದು ಸೆಕೆಂಡ್ ಸಿಗತ್ತೆ” ಎಂದ. ಹೊರಟಾಗ ಅವನ ಹೆಬ್ಬೆರಳು ಕಂಟ್ರೋಲರಿನ ಕಡ್ಡಿಯನ್ನು ಬಿಟ್ಟು ಪಕ್ಕದ ನಾಲ್ಕು ದಿಕ್ಕಿನ ಗುಂಡಿಗೆ ಹೋಯಿತು. ಆ ಗುಂಡಿ ಒತ್ತಿದರೆ ಮನುಷ್ಯ ಸದ್ದಿಲ್ಲದ ಹೆಜ್ಜೆ ಇಡುತ್ತಾನೆ, ಸಹಿಸಲಾಗದಷ್ಟು ನಿಧಾನ. ಹುಡುಗ ಸಹಿಸಿದ. ಬೆನ್ನ ಹಿಂದೆ ಹೋಗಿ ಮತ್ತೊಂದು ಗುಂಡಿಯನ್ನು ಮೆಲ್ಲಗೆ ಒತ್ತಿದ. ಅದೇ ಗುಂಡಿಯನ್ನು ಪೂರ್ತಿ ಅದುಮಿದರೆ ಕಾವಲುಗಾರನ ಕತ್ತು ಕೊಯ್ಯುತ್ತದೆ. ಮೆಲ್ಲಗೆ ಒತ್ತಿದರೆ ಹಿಡಿತ ಮಾತ್ರ. ಒಂದು ಪ್ರಾಣದ ಉಳಿವು ಅಳಿವು ಬೆರಳಿನ ಭಾರದ ಮೇಲೆ ನಿಂತಿದೆ. ಹುಡುಗನ ಹೆಬ್ಬೆರಳ ಉಗುರು ಬೆಳ್ಳಗಾಗಿರಲಿಲ್ಲ ಎಂಬುದನ್ನು ನೋಡಿ ಬರೆದುಕೊಂಡೆ.

ಅವನು ಯಾರನ್ನೂ ಕೊಲ್ಲದೆ ದಾಟಲು ಹವಣಿಸುತ್ತಿದ್ದ. ಅರಿವಳಿಕೆಯ ಮದ್ದು ಹಾರಿಸುವ ಪಿಸ್ತೂಲೊಂದಿದೆ, ಅದು ಮಲಗಿಸುತ್ತದೆ ಅಷ್ಟೇ. ಯಾಕಿಷ್ಟು ಕಷ್ಟ ಎಂದರೆ, ಮುಂದೆ ಒಂದು ಹೊಳೆ ಬರುತ್ತದೆ, ಅದರಲ್ಲಿ ನೀನು ಕೊಂದವರೆಲ್ಲ ಎದುರಿಗೆ ನಡೆದು ಬರುತ್ತಾರೆ, ಹೆಚ್ಚು ಕೊಂದಿದ್ದರೆ ಹೊಳೆ ದಾಟುವುದು ಅಷ್ಟೂ ದೀರ್ಘ ಎಂದ. ಬೇಟೆಯನ್ನು ವಿನೋದಗಳ ಸಾಲಿನಲ್ಲಿ ಎಣಿಸಿದ ನಾಡು ನಮ್ಮದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅದಕ್ಕೊಂದು ಜಾಗವೇ ಇದೆ. ಕೊಂದದ್ದರ ಲೆಕ್ಕವನ್ನು ಆಡುವವನ ಎದುರಿಗೇ ತಂದು ನಿಲ್ಲಿಸುವ ಈ ಹೊಳೆಯನ್ನು ನಾನು ಗೌರವದಿಂದ ನೋಡಿದೆ.

ತಕರಾರುಗಳೂ ಇವೆ. ಹಸಿವಾದರೆ ಅವನ ಮನುಷ್ಯ ಕಾಡಿನಲ್ಲಿ ಸಿಕ್ಕ ಹಾವು, ಕಪ್ಪೆ, ಅಣಬೆ ಹಿಡಿದು ತಿನ್ನಬೇಕು. ಆಟ ನಿಲ್ಲಿಸಿಟ್ಟರೂ ಯಂತ್ರದ ಗಡಿಯಾರ ಓಡುತ್ತಿದ್ದು, ಚೀಲದಲ್ಲಿಟ್ಟ ಮಾಂಸ ಕೊಳೆಯುತ್ತದೆ. ಅಷ್ಟರ ಮಟ್ಟಿಗೆ ಸರಿ. ಆದರೆ ಅಲ್ಲಿನ ಜವುಗಿನಲ್ಲಿ ಘರಿಯಾಲ್‌ಗಳನ್ನು ಬಿಟ್ಟಿದ್ದಾರೆ! ಘರಿಯಾಲ್ ನಮ್ಮ ಚಂಬಲ್‌ನಂಥ ಹರಿಯುವ ಹೊಳೆಗಳ ಜೀವಿ. ಸಪೂರ ಮೂತಿ, ಮೀನೇ ಅದರ ಮುಖ್ಯ ಆಹಾರ. ರಷ್ಯಾದ ಕೊಚ್ಚೆಯಲ್ಲಿ ಅದಕ್ಕೇನು ಕೆಲಸ? ಹುಡುಗನಿಗೆ ಚಿತ್ರ ತೋರಿಸಿ ಹೇಳಿದೆ. ಇಂಥದ್ದನ್ನು ಹೇಳದೆ ಬಿಡಬಾರದು. ಆಟದ ಕಾಡಿನಲ್ಲಿ ನೋಡಿದ್ದನ್ನೇ ಮಕ್ಕಳು ನಿಜದ ಕಾಡು ಎಂದುಕೊಳ್ಳುತ್ತಾರೆ.

ಏಳನೇ ರಾತ್ರಿ. 11.05ಕ್ಕೆ ಶುರು. ನೂರು ವರ್ಷ ದಾಟಿದ ಒಬ್ಬ ಮುದುಕ ಬಂದೂಕುಗಾರ, ಅವನಿಗೊಂದು ಗಿಳಿ, ಸುತ್ತ ದೊಡ್ಡ ಕಾಡು. ಯಾರು ಯಾರನ್ನು ಮೊದಲು ನೋಡುತ್ತಾರೆ ಎಂಬುದಷ್ಟೇ ಇಲ್ಲಿಯ ಯುದ್ಧ. ಆಟವನ್ನು ಇಲ್ಲೇ ಉಳಿಸಿಟ್ಟು ಒಂದು ವಾರ ಬಿಟ್ಟು ಬಂದರೆ ಮುದುಕ ವಯಸ್ಸಾಗಿ ತಾನೇ ತೀರಿಕೊಂಡಿರುತ್ತಾನಂತೆ. ಹುಡುಗನಿಗೆ ಅದು ಬೇಕಿರಲಿಲ್ಲ. ದಿಕ್ಕು ಹಿಡಿಯುವ ಮೈಕ್ರೊಫೋನನ್ನು ಪೊದೆಯಿಂದ ಪೊದೆಗೆ ತಿರುಗಿಸುತ್ತ ಮುದುಕನ ಉಸಿರು ಹುಡುಕುತ್ತಿದ್ದ. ಟಿ.ವಿ.ಯ ಸದ್ದು ತೀರ ತಗ್ಗಿಸಿದ್ದ, ಮನೆಯವರೆಲ್ಲ ಮಲಗಿದ್ದರು.

ಆ ಮೌನದಲ್ಲೇ ನನಗೆ ಹೊರಗಿನದು ಕೇಳಿದ್ದು. ಕಿಟಕಿಗೆ ಹೋದೆ. ಎದುರಿನ ಹಳೆಯ ಮನೆಯ ಗವಾಕ್ಷಿಯಲ್ಲಿ ಒಂದು ಜೊತೆ ಹಾಲಕ್ಕಿ ಇವೆ. ಬುಡುಬುಡಿಕೆಯವರು ಶಕುನ ಹೇಳುವಾಗ ಹೆಸರಿಸುವ ಆ ಪುಟ್ಟ ಗೂಬೆ. ಒಂದು ಕೇಬಲ್ ತಂತಿಯ ಮೇಲೆ ಕೂತು ಕತ್ತನ್ನಷ್ಟೇ ತಿರುಗಿಸುತ್ತಿತ್ತು. ಕೆಳಗೆ ರಸ್ತೆಯಲ್ಲಿ, ನಿಲ್ಲಿಸಿದ ಸ್ಕೂಟರಿನ ಅಡಿ, ಬೂದು ಬೆಕ್ಕು. ಎರಡೂ ನೋಡುತ್ತಿದ್ದದ್ದು ಒಂದೇ ಜಾಗವನ್ನು: ಚರಂಡಿಯ ಮೇಲಿನ ಕಲ್ಲುಚಪ್ಪಡಿಯ ಸಂದು. ಅಲ್ಲಿಂದ ಇಲಿಗಳು ಬರುತ್ತವೆ.

11.40ಕ್ಕೆ ಗೂರ್ಖಾನ ಸೀಟಿ ಮೇಲಿನ ಅಡ್ಡರಸ್ತೆಯಲ್ಲಿ ಕೇಳಿತು. ಬೆಕ್ಕಿನ ಕಿವಿ ಒಂದು ಮಾತ್ರ ಆ ಕಡೆ ತಿರುಗಿತು, ಕಣ್ಣು ಚಪ್ಪಡಿಯ ಮೇಲೇ. ಗೂರ್ಖಾ ನಮ್ಮ ರಸ್ತೆಗೆ ಇಳಿದ, ಲೈಟುಕಂಬಕ್ಕೆ ಕೋಲು ಕುಟ್ಟಿದ, ಬಸ್ ನಿಲ್ದಾಣದ ಕಡೆ ಹೊರಳಿದ. ಅವನು ತಿರುವು ದಾಟಿ, ಸದ್ದು ಅಡಗಿ, ಇನ್ನೂ ಒಂದೂವರೆ ನಿಮಿಷ ಬೆಕ್ಕು ಏಳಲಿಲ್ಲ. ಆಮೇಲೆ ಎದ್ದಿತು. ಮುಂಗಾಲು ಇಟ್ಟ ಜಾಗದಲ್ಲೇ ಹಿಂಗಾಲು ಇಡುತ್ತ ನಾಲ್ಕು ಹೆಜ್ಜೆ ನಡೆದು, ಮತ್ತೆ ನಿಂತಿತು. ಬೆಕ್ಕು ನಡೆಯುವುದೇ ಹಾಗೆ. ಎರಡು ಕಾಲಿಗೆ ಒಂದೇ ಜಾಗ ಸಾಕಾದರೆ ತರಗೆಲೆ ತುಳಿಯುವ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಹುಡುಗನನ್ನು ಪಿಸುಮಾತಿನಲ್ಲಿ ಕರೆದೆ. ಆಟ ಹಾಗೇ ಬಿಟ್ಟು ಬಂದ. ಇಬ್ಬರೂ ನಿಂತು ನೋಡಿದೆವು. 11.58ಕ್ಕೆ ಹಾಲಕ್ಕಿ ಬಿತ್ತು, ಬೆಕ್ಕಿಗಿಂತ ಮೊದಲು. ರೆಕ್ಕೆಯ ಸದ್ದು ನಮಗೆ ಕೇಳಲಿಲ್ಲ.

ತೆರೆಯ ಮೇಲೆ ಆ ಹೊತ್ತಿಗೆ ಮುದುಕ ಹುಡುಗನ ಮನುಷ್ಯನಿಗೆ ಗುಂಡು ಹೊಡೆದಿದ್ದ.

ಕಾವಲಿಗೂ ಈ ಸೀಮೆಗೂ ಹಳೆಯ ನಂಟು. ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಒಂದು ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಕೆಂಪಾಂಬುಧಿ ಕೆರೆಯ ಬಳಿ ನಿಂತಿದೆ. ಬಸವನಗುಡಿಯ ಕಹಳೆ ಬಂಡೆಯ ಮೇಲಿಂದ ಕಾವಲುಗಾರರು ಕಹಳೆ ಊದುತ್ತಿದ್ದರೆಂದು ಪ್ರತೀತಿ. ಇಂದು ಈ ಊರಿನವರು ಆಟಗಳ ಕಾಡನ್ನೂ ಕಟ್ಟುತ್ತಾರೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೊರದೇಶದ ಆಟಗಳಿಗೆ ಚಿತ್ರ ಮಾಡಿಕೊಡುತ್ತಿತ್ತು. 2019ರಲ್ಲಿ ಅದನ್ನು ಆಟಗಳ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಆಟದ ಒಂದೊಂದು ಎಲೆಯ ಹಿಂದೆಯೂ ಎಲೆಯನ್ನು ದಿಟ್ಟಿಸಿ ನೋಡಿದ ಯಾರದೋ ಕಣ್ಣಿರುತ್ತದೆ.

ಕಾವಲಿನ ವಿಷಯದಲ್ಲೂ ಆಟ ಸುಳ್ಳು ಹೇಳುತ್ತದೆ. ಸಿಕ್ಕಿಬಿದ್ದಾಗ ಕಾವಲುಗಾರನ ತಲೆಯ ಮೇಲೆ ಉದ್ಗಾರ ಚಿಹ್ನೆ ಚಿಮ್ಮುತ್ತದೆ, ಎಲ್ಲರೂ ಓಡಿಬರುತ್ತಾರೆ. ಮರೆಗೆ ಸರಿದರೆ ಮೂಲೆಯಲ್ಲಿ 99.99ರಿಂದ ಎಣಿಕೆ ಇಳಿಯುತ್ತದೆ. ಸೊನ್ನೆ ಮುಟ್ಟುತ್ತ ಮುಟ್ಟುತ್ತ ಅವರೆಲ್ಲ ಮರೆತು ಹಿಂದಿನ ಗಸ್ತಿಗೇ ಮರಳುತ್ತಾರೆ. ಕೆರೆಯಂಗಳದ ಟಿಟ್ಟಿಭ ಹಾಗೆ ಮರೆಯುವುದಿಲ್ಲ. ಅದು ಒಮ್ಮೆ ಕೂಗಿತೆಂದರೆ ಬೆಳ್ಳಕ್ಕಿ, ಮೈನಾ, ಅಳಿಲು ಎಲ್ಲಕ್ಕೂ ಸುದ್ದಿ ಮುಟ್ಟಿತು. ನಾನು ಕೂತ ಜಾಗದಿಂದ ಎದ್ದು ಹೋಗುವ ತನಕ ಅದಕ್ಕೆ ಸಮಾಧಾನವಿಲ್ಲ. ಮತ್ತೆ, ಆಟದ ಕಾವಲುಗಾರನಿಗೆ ಮೂಗಿಲ್ಲ. ಬಂಡೀಪುರದ ಸುತ್ತ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ಕೃಪಾಕರ–ಸೇನಾನಿಯವರಂಥವರಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ದಿನದ ಮೊದಲ ಪ್ರಶ್ನೆ. ಎಷ್ಟೇ ಚೆನ್ನಾಗಿ ಅಡಗಿದ್ದರೂ ಬೆನ್ನ ಹಿಂದಿನಿಂದ ಗಾಳಿ ಬಂದರೆ ಜಿಂಕೆ ಇರುವುದಿಲ್ಲ.

ಇದನ್ನು ಹುಡುಗನಿಗೆ ಬಾಯಲ್ಲಿ ಹೇಳಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಕೆಂಪಾಂಬುಧಿ ಕೆರೆಗೆ ಕರೆದುಕೊಂಡು ಹೋದೆ. ಕೂರು ಎಂದೂ ಹೇಳಲಿಲ್ಲ. ಅವನೇ ನಿಂತು, ಒಂದು ಹಿಡಿ ಮಣ್ಣಿನ ಪುಡಿ ಗಾಳಿಗೆ ಬಿಟ್ಟ ನನ್ನ ಕೈಯನ್ನು ನೋಡಿ, ಬಿಸಿಲಿಗೆ ಬೆನ್ನು ಕೊಟ್ಟು ದಡದ ಹುಲ್ಲಿನ ಹಿಂದೆ ಕೂತ. ಸ್ವಲ್ಪ ಹೊತ್ತಿಗೆ ಮೊಣಕೈಯಿಂದ ತಿವಿದ. ನನಗೇನೂ ಕಾಣಲಿಲ್ಲ. ಕೆಸರು, ಒಣಗಿದ ಜೊಂಡು, ಒಂದು ಪ್ಲಾಸ್ಟಿಕ್ ಚೀಲ.

“ಚೀಲದ ಬಲಗಡೆ. ತೊಂಬತ್ತು ಪರ್ಸೆಂಟ್” ಎಂದ.

ಕೊಳದ ಬಕ. ಚಳಿಗಾಲದಲ್ಲಿ ಅದರ ಮೈಯೆಲ್ಲ ಮಣ್ಣು ಬಣ್ಣ, ಕತ್ತಿನ ತುಂಬ ಕಂದು ಗೀರು. ನಿಂತಿದ್ದರೆ ಕೆಸರೇ. ಹಾರಿದರೆ ಮಾತ್ರ ರೆಕ್ಕೆ ಬಿಚ್ಚಿ ಇಡೀ ಹಕ್ಕಿ ಬೆಳ್ಳಗಾಗುತ್ತದೆ. ಮೂವತ್ತು ವರ್ಷದ ನನ್ನ ಕಣ್ಣಿಗಿಂತ ಮೊದಲು ಅವನ ಕಣ್ಣು ಅದನ್ನು ಹಿಡಿದಿತ್ತು.

ಟಿಪ್ಪಣಿ ಪುಸ್ತಕ ಅವನ ಕೈಗೆ ಕೊಟ್ಟೆ. ಆ ದಿನದ ದಾಖಲೆ ಅವನ ಅಕ್ಷರದಲ್ಲಿದೆ: “ಕೊಳದ ಬಕ, ಒಂದು. ಗಾಳಿ ಕೆರೆ ಕಡೆಯಿಂದ. 7.12ರಿಂದ 7.38ರ ತನಕ ಅಲುಗಲಿಲ್ಲ. 7.38ಕ್ಕೆ ಮೀನು ಹಿಡಿಯಿತು.”