ಪರೇಡ್ ಮೈದಾನದ ಅಂಚಿನಲ್ಲಿ ಸಂತ ಮಾರ್ಕರ ದೇವಾಲಯ

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಗುಮ್ಮಟವುಳ್ಳ ಪುರಾತನ ದೇವಾಲಯವೊಂದಿದೆ. ಅದರ ಎದುರು ನಿಂತು ಶಿಲುಬೆಯ ಗುರುತು ಹಾಕಿದ ಸೊರಬದ ಹಿರಿಯರೊಬ್ಬರು, ‘ಅದು ನಮ್ಮ ಇಗರ್ಜಿಯಲ್ಲ, ಒಳಗೆ ಹೋಗಬಾರದು’ ಎಂದು ನಮ್ಮನ್ನು ತಡೆದರು. ಅವರ ಮೊಮ್ಮಗನಾದರೋ ಆಗಲೇ ಒಳಗೆ ಹೋಗಿ ಬೆಂಚಿನಲ್ಲಿ ಕುಳಿತಿದ್ದನು. ಶಿಕಾರಿಪುರ, ಸೊರಬಗಳ ನಮ್ಮ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ರಾಜಧಾನಿ ಸೇರುತ್ತಿರುವಾಗ, ಆ ಹಿರಿಯರ ಮಾತನ್ನು ಕೊಂಚ ವಿಚಾರಿಸಿ ನೋಡುವುದು ಯುಕ್ತವೆಂದು ತೋರಿತು.

ಇದು ಸಂತ ಮಾರ್ಕರ ಪ್ರಧಾನಾಲಯ. ಇದನ್ನು ಕಟ್ಟಿಸಿದ್ದು ಈಸ್ಟ್ ಇಂಡಿಯಾ ಕಂಪನಿ, ತನ್ನ ದಂಡಿಗಾಗಿ. ಆ ದಂಡಿಗೂ ನಮ್ಮ ಸೀಮೆಗೂ ಹಳೆಯ ಸಂಬಂಧವಿದೆ. ಚನ್ನಗಿರಿಯಲ್ಲಿ ಹುಟ್ಟಿ, ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು ದಂಗೆಯೆದ್ದ ಧೋಂಡಿಯಾ ವಾಘನನ್ನು 1799ರಲ್ಲಿ ಕಂಪನಿಯ ಸೇನೆ ಬೆನ್ನಟ್ಟಿದ್ದು ಇದೇ ಶಿಕಾರಿಪುರದ ಮಾರ್ಗವಾಗಿ. ಮರುವರ್ಷ ಸೆಪ್ಟೆಂಬರಿನಲ್ಲಿ ಅವನು ಕೋನಗಲ್ಲಿನ ಬಳಿ ಹತನಾದನು. ಶ್ರೀರಂಗಪಟ್ಟಣದ ಹವೆ ಒಗ್ಗದೆ ಸೈನ್ಯವು 1809ರ ವೇಳೆಗೆ ಬೆಂಗಳೂರಿಗೆ ಬಂದು ನೆಲೆಸಿತು. ಹಳೆಯ ಪೇಟೆಗೆ ಪ್ರತ್ಯೇಕವಾಗಿ ಬೆಳೆದ ಆ ದಂಡುಪ್ರದೇಶದ ನಡುವೆ ಪರೇಡ್ ಮೈದಾನ, ಮೈದಾನದ ಅಂಚಿನಲ್ಲಿ ಈ ದೇವಾಲಯ. ಎದುರಿನ ಬೀದಿಗೆ ಸೌತ್ ಪರೇಡ್ ಎಂದೇ ಹೆಸರಿತ್ತು. ಅದು ಗಾಂಧೀಜಿಯವರ ಹೆಸರು ಪಡೆದುದು 1948ರಲ್ಲಿ.

1808ರಲ್ಲಿ ಅಸ್ತಿಭಾರ ಹಾಕಿದ ದೇವಾಲಯ 1812ರಲ್ಲಿ ಪೂರ್ಣಗೊಂಡಿತಾದರೂ ಅದರ ಪ್ರತಿಷ್ಠಾಪನೆ ನಡೆದುದು 1816ರಲ್ಲಿ. ಅಭಿಷೇಕ ಮಾಡಬೇಕಾದವರು ಧರ್ಮಾಧ್ಯಕ್ಷರು. ಆಂಗ್ಲಿಕನ್ ಸಭೆಗೆ ಭಾರತದಲ್ಲಿ ಧರ್ಮಾಧ್ಯಕ್ಷರೇ ಇರಲಿಲ್ಲ! 1814ರಲ್ಲಿ ಕಲ್ಕತ್ತಾ ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೆ ಅಲ್ಲಿಯ ಧರ್ಮಾಧ್ಯಕ್ಷರು ದಕ್ಷಿಣಕ್ಕೆ ಬರುವವರೆಗೂ ಕಾಯಬೇಕಾಯಿತು. 1534ರಷ್ಟು ಹಿಂದೆಯೇ ಗೋವಾ ಧರ್ಮಪ್ರಾಂತ್ಯವನ್ನು ಪಡೆದಿದ್ದ ಕಥೋಲಿಕರಿಗೆ ಇದು ವಿಚಿತ್ರವೆನಿಸಬಹುದು.

ಅದೇ ದಂಡಿನಲ್ಲಿ ನಮ್ಮವರೂ ಇದ್ದರೆಂಬುದನ್ನು ಮರೆಯಲಾಗದು. ಐರಿಷ್ ಕಥೋಲಿಕ ಸೈನಿಕರಿಗಾಗಿ 1840ರ ದಶಕದಲ್ಲಿ ಎದ್ದ ಸಂತ ಪ್ಯಾಟ್ರಿಕರ ದೇವಾಲಯ ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಒಂದೇ ಕವಾಯತು ಮಾಡಿದ ಸಿಪಾಯಿಗಳು ಭಾನುವಾರ ಬೇರೆ ಬೇರೆ ಬಾಗಿಲು ಹಿಡಿಯುತ್ತಿದ್ದರು.

ಸಂತ ಮಾರ್ಕರ ದೇವಾಲಯ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಸ್ತಾರಗೊಂಡಿತು. 1923ರಲ್ಲಿ ಬೆಂಕಿಗೆ ತುತ್ತಾಗಿ, 1927ರಲ್ಲಿ ಪುನಃ ಎದ್ದು ನಿಂತಿತು. ಲಂಡನ್ನಿನ ಸಂತ ಪೌಲರ ದೇವಾಲಯವನ್ನು ನೆನಪಿಸುವ ಗುಮ್ಮಟದ ಕೆಳಗೆ, ಗೋಡೆಗಳ ಮೇಲೆ, ಆಂಗ್ಲ ಅಧಿಕಾರಿಗಳ ಸ್ಮಾರಕ ಫಲಕಗಳಿವೆ. ಪರದೇಶದಲ್ಲಿ ಮಡಿದ ಎಳೆಯರ ಹೆಸರುಗಳನ್ನು ಓದುವಾಗ, ಅವರು ನಮ್ಮನ್ನು ಆಳಲು ಬಂದವರೆಂಬುದನ್ನು ಬಲ್ಲ ನಮ್ಮ ಮನಸ್ಸೂ ಕ್ಷಣಕಾಲ ಮೃದುವಾಯಿತು.

ಆಳಿದವರು 1947ರಲ್ಲಿ ಹೊರಟುಹೋದರು. ದೇವಾಲಯ ಬರಿದಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ನಾವು ಸಿ.ಎಸ್.ಐ. ಎನ್ನುವ ಸಭೆ, ಜನ್ಮ ತಾಳಿತು. ಇಂದು ಇದು ಆ ಸಭೆಯ ಕರ್ನಾಟಕ ಮಧ್ಯ ಧರ್ಮಪ್ರಾಂತ್ಯದ ಪ್ರಧಾನಾಲಯ. ದಂಡಿನ ದೇವಾಲಯ ಊರಿನ ದೇವಾಲಯವಾಯಿತು.

ಇನ್ನು ಸೊರಬದ ಹಿರಿಯರ ಮಾತು. ಅದು ಅವರ ಬಾಲ್ಯದ ಉಪದೇಶ. ಅಂದಿನ ಕಟ್ಟಳೆಯೂ ಅದೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಪ್ರಕಟಿಸಿದ ಐಕ್ಯತೆಯ ಆಜ್ಞಾಪತ್ರ ಅನ್ಯ ಸಭೆಗಳ ಕ್ರೈಸ್ತರನ್ನು ಸಹೋದರರೆಂದು ಕರೆಯಿತು. ಅವರ ದೇವಾಲಯವನ್ನು ಪ್ರವೇಶಿಸಲು, ಅವರೊಡನೆ ಪ್ರಾರ್ಥಿಸಲು ಈಗ ಅಡ್ಡಿಯಿಲ್ಲ. ಪರಮಪ್ರಸಾದವನ್ನು ಮಾತ್ರ ನಾವು ಅಲ್ಲಿ ಸ್ವೀಕರಿಸುವಂತಿಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಮನೆಯಲ್ಲೇ ತಿಳಿಸಿಕೊಡುವವರು ಎಷ್ಟು ಮಂದಿ?

ವಿವಾಹದ ವಿಷಯ ಬಂದಾಗಲಂತೂ ಇದು ಮನೆಬಾಗಿಲಿನ ಪ್ರಶ್ನೆಯಾಗುತ್ತದೆ. ನಗರದಲ್ಲಿರುವ ಮಗನೋ ಮಗಳೋ ಸಿ.ಎಸ್.ಐ. ಕುಟುಂಬದ ಸಂಬಂಧ ಬಯಸಿದಾಗ ಕೆಲವರು ರಹಸ್ಯವಾಗಿ ಮುಗಿಸುತ್ತಾರೆ, ಕೆಲವರು ಬಾಂಧವ್ಯವನ್ನೇ ಕಡಿದುಕೊಳ್ಳುತ್ತಾರೆ. ಎರಡೂ ಅನಗತ್ಯ. 1983ರ ಧರ್ಮಸಭಾ ಸಂಹಿತೆಯ 1124ನೆಯ ನಿಯಮದಂತೆ ಇಂತಹ ವಿವಾಹಕ್ಕೆ ಮುಂಚಿತವಾಗಿ ಅನುಮತಿ ಬೇಕು. ತನ್ನ ವಿಶ್ವಾಸವನ್ನು ಕಾಪಾಡಿಕೊಂಡು, ಮಕ್ಕಳಿಗೆ ಕಥೋಲಿಕ ಜ್ಞಾನಸ್ನಾನ ಹಾಗೂ ಶಿಕ್ಷಣ ಕೊಡಿಸಲು ಶಕ್ತಿಮೀರಿ ಯತ್ನಿಸುವುದಾಗಿ ಕಥೋಲಿಕ ವರ ಅಥವಾ ವಧು ಮಾತು ಕೊಡಬೇಕು. ವಿವಾಹ ಅವರ ದೇವಾಲಯದಲ್ಲಿ ನಡೆಯಬೇಕಿದ್ದರೆ ಅದಕ್ಕೆ ಪ್ರತ್ಯೇಕ ವಿನಾಯಿತಿ ಪಡೆಯಬೇಕು. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ನಾವು ಈ ಅರ್ಜಿಯನ್ನು ಧರ್ಮಕೇಂದ್ರದ ಗುರುಗಳ ಮೂಲಕವೇ ಸಲ್ಲಿಸಬಹುದು. ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ಓಡುವುದು ಬೇಡ.

ನಾವು ಹೊರಡುವ ವೇಳೆಗೆ ಆ ಹಿರಿಯರು ಮೆಲ್ಲನೆ ಬಂದು ಕೊನೆಯ ಬೆಂಚಿನಲ್ಲಿ ಮೊಮ್ಮಗನ ಪಕ್ಕ ಕುಳಿತಿದ್ದರು. ಜಪಮಾಲೆ ಕೈಯಲ್ಲಿತ್ತು. ಮೂರನೆಯ ರಹಸ್ಯ ಮುಗಿಯುವವರೆಗೆ ನಾವೂ ಕಾದೆವು.